ಮುಯ್ಯಿ ಪುಸ್ತಕ ಬರೆಯೋ ಕ್ರಮ, ಹಳೇ ಮುಯ್ಯಿ ತೀರಿಸೋ ಲೆಕ್ಕ: ಗೊತ್ತಿದ್ದವರು ಹೇಳಿ

ಕೆರೆಏರಿ

ವೈಶಾಖದ ಲಗ್ನಗಳು ಹತ್ತಿರ ಬಂದವು. ಛತ್ರ, ಅಡುಗೆಯವರು, ಫೋಟೋದವರು ಎಲ್ಲರಿಗೂ ಮುಂಗಡ ಹೋಗಿರುತ್ತೆ. ಮುಯ್ಯಿ, ಅಂದರೆ ಬಂದವರು ಕೊಡೋ, ಮುಂದೆ ಅವರ ಮನೆ ಕಾರ್ಯಕ್ಕೆ ನಾವು ತಿರುಗಿ ಕೊಡಬೇಕಾದ ಉಡುಗೊರೆ, ಅದನ್ನ ಬರೆಯೋಕೆ ಯಾರು ಕೂರಬೇಕು ಅನ್ನೋದು ಮಾತ್ರ ಧಾರೆಯ ದಿನ ಬೆಳಗ್ಗೆ ನೆನಪಾಗುತ್ತೆ. ಆಗ ಕೈಗೆ ಸಿಕ್ಕ ಹುಡುಗನನ್ನ ಕೂರಿಸಿ, ಕೈಗೆ ಸಿಕ್ಕ ನೋಟ್‌ಬುಕ್ ಕೊಟ್ಟರೆ ಆ ಪುಸ್ತಕ ಇಪ್ಪತ್ತು ವರ್ಷ ಕಾಡುತ್ತೆ. ಪದ್ಧತಿ ಬಲ್ಲವರು ಕ್ರಮ ಬರೆದರೆ ಮದುವೆ ಮನೆಯವರಿಗೆ ಅನುಕೂಲ.

ಜೊತೆಗೆ ಎರಡು ಪ್ರಶ್ನೆ. ಹಳೇ ಪುಸ್ತಕದಲ್ಲಿ 21, 51 ಅಂತ ಇರೋದನ್ನ ಇವತ್ತು ಎಷ್ಟು ಮಾಡಿ ಕೊಡಬೇಕು? ಕರೆಯೋಲೆಯಲ್ಲಿ "ಆಶೀರ್ವಾದವೇ ಉಡುಗೊರೆ" ಅಂತ ಅಚ್ಚು ಹಾಕಿಸಿದ ಮನೆಗೆ ನಮ್ಮಿಂದ ಮುಯ್ಯಿ ಬಾಕಿ ಇದ್ದರೆ ಏನು ದಾರಿ?

ಹೊಂಗೆನೆರಳು

ಪುಸ್ತಕದಿಂದ ಶುರು ಮಾಡ್ತೀನಿ. ಹೊಲಿಗೆ ಹಾಕಿದ ರಟ್ಟಿನ ಲೆಡ್ಜರ್ ತಗೊಳ್ಳಿ, 200 ಪುಟದ್ದು ಸಾಕು. ಸುರುಳಿ ತಂತಿಯದ್ದು ಬೇಡ. ಹಾಳೆ ಕಿತ್ತರೆ ಗುರುತೇ ಸಿಗಲ್ಲ. ಹಿಂದಿನ ರಾತ್ರಿಯೇ ಎಲ್ಲ ಪುಟಕ್ಕೂ ನಂಬರ್ ಹಾಕಿ ಗೆರೆ ಎಳೆದಿಡಿ. ನಾಲ್ಕು ಮೂಲೆಗೆ ಅರಿಶಿನ, ಮೇಲೆ ಶ್ರೀಕಾರ, ಮನೆದೇವರ ಹೆಸರು, ಗಂಡು ಹೆಣ್ಣಿನ ಹೆಸರು, ತಾರೀಕು, ಜಾಗ. ಮೊದಲ ಸಾಲು ಮನೆದೇವರದ್ದು, 1 ರೂಪಾಯಿ ಇಲ್ಲ 11. ಎರಡನೇದು ಸೋದರಮಾವಂದು. ಅಲ್ಲಿಂದಾಚೆ ಬಂದೋರು ಬಂದಂಗೆ. ದೊಡ್ಡೋರು ಬರ್ತಾರೆ ಅಂತ ಮಧ್ಯೆ ಸಾಲು ಖಾಲಿ ಬಿಡೋದು ಕೆಲವರಿಗೆ ರೂಢಿ. ಅದೇ ಮುಂದೆ ಅನುಮಾನಕ್ಕೆ ಮೂಲ.

ಕಲಂ ಆರು: ಕ್ರಮ ಸಂಖ್ಯೆ, ತಂದೆ ಹೆಸರಿನ ಸಮೇತ ಹೆಸರು, ಮನೆತನ ಅಥವಾ ಅಡ್ಡಹೆಸರು, ಊರು, ಮೊತ್ತ, ಷರಾ. ಮೂರನೇ ಕಲಂ ಬಿಟ್ಟರೆ ಕೆಟ್ಟಿರಿ. ಒಂದೇ ಊರಲ್ಲಿ ನಾಲ್ಕು ಜನ ನಿಂಗೇಗೌಡರು ಇರ್ತಾರೆ, ಅದರಲ್ಲಿ ಇಬ್ಬರ ಅಪ್ಪನ ಹೆಸರೂ ಒಂದೇ ಇರೋದುಂಟು. "ನಿಂಗೇಗೌಡ ಬಿನ್ ಕಾಳೇಗೌಡ, ಮೇಗಲಮನೆ" ಅಂತ ಇದ್ದರೆ ಮೊಮ್ಮಕ್ಕಳಿಗೂ ತಿಳಿಯುತ್ತೆ. ಊರು ಅಂದರೆ ಮೂಲ ಊರು. ಈಗ ಬೆಂಗಳೂರಲ್ಲಿ ಇದ್ದಾರೆ ಅಂತ "ಬೆಂಗಳೂರು" ಅಂತ ಬರೆದರೆ ಏನೂ ಬರೆಯದೇ ಇದ್ದಂಗೆ. ಮೂಲ ಊರು ಬರೆದು ಷರಾದಲ್ಲಿ "ಹಾಲಿ ವಾಸ ಬೆಂಗಳೂರು" ಅನ್ನಿ.

ಮೇಜಿಗೆ ಮೂವರು ಬೇಕು. ಬರೆಯೋನೊಬ್ಬ, ಎಣಿಸೋನೊಬ್ಬ, ತಾಂಬೂಲ ಕೊಡೋನೊಬ್ಬ. ಬರೆಯೋನಿಗೆ ಅಕ್ಷರ ದುಂಡಗಿದ್ದರೆ ಸಾಲದು, ಮುಖ ನೋಡಿದರೆ ಮನೆ ಗೊತ್ತಾಗಬೇಕು. ಅದಕ್ಕೇ ಹಳಬರು ಶಾನುಭೋಗರ ಪೈಕಿಯೋರನ್ನೋ ಮೇಷ್ಟರನ್ನೋ ಕೂರಿಸ್ತಿದ್ದರು. ಗಂಡಿನ ಕಡೆಗೊಂದು ಹೆಣ್ಣಿನ ಕಡೆಗೊಂದು ಮೇಜು, ಎದುರುಬದುರು ಇರಬಾರದು. ಎದುರುಬದುರು ಇದ್ದರೆ ಎರಡು ಕಡೆಗೂ ಬೇಕಾದೋರು ಎರಡು ಕಡೆಯೂ ಬರೆಸಬೇಕಾದ ಇಕ್ಕಟ್ಟಿಗೆ ಬೀಳ್ತಾರೆ.

ಕವರಿನ ವಿಚಾರದಲ್ಲೇ ಹೆಚ್ಚು ಎಡವಟ್ಟಾಗೋದು. ಈಗ ನೋಟು ಕೈಗೆ ಕೊಡೋರು ಕಮ್ಮಿ, 1 ರೂಪಾಯಿ ನಾಣ್ಯ ಅಂಟಿಸಿದ ಕವರ್ ಕೊಡ್ತಾರೆ. ಅವರ ಎದುರೇ ಒಡೆದು ನೋಡೋದು ಮುಜುಗರ. ಹಾಗಾಗಿ ಸಾಲಿನ ಕ್ರಮ ಸಂಖ್ಯೆಯನ್ನೇ ಕವರ್ ಮೇಲೆ ಬರೆದು ಚೀಲಕ್ಕೆ ಹಾಕಿ, ಮೊತ್ತದ ಕಲಂ ಖಾಲಿ ಬಿಡಿ. ರಾತ್ರಿ ಮೂರು ಜನ ಕೂತು ಸಂಖ್ಯೆ ಪ್ರಕಾರ ಒಡೆದು ತುಂಬಿ. ಸಂಖ್ಯೆ ಹಾಕದೆ ಚೀಲಕ್ಕೆ ಬಿದ್ದ ಕವರ್, ಒಳಗೆ ಚೀಟಿಯೂ ಇಲ್ಲದಿದ್ದರೆ, ಯಾರದ್ದು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ. ವೇದಿಕೆ ಮೇಲೆ ನೇರವಾಗಿ ಮದುಮಕ್ಕಳ ಕೈಗೆ ಬಂದ ಕವರ್‌ಗಳಿಗೆ ಬೇರೆ ಚೀಲ, ಕೊನೆಯಲ್ಲಿ ಬೇರೆ ಪುಟ.

ಕವರ್ ಒಡೆದು ತುಂಬುವಾಗ 50 ಸಾಲಿಗೊಮ್ಮೆ ಹಣ ಎಣಿಸಿ ರಬ್ಬರ್ ಬ್ಯಾಂಡ್ ಹಾಕಿ, "1ರಿಂದ 50" ಅಂತ ಚೀಟಿ ಸೇರಿಸಿ. ಪುಟದ ಕೊನೆಗೆ ಆ ಪುಟದ ಮೊತ್ತ, ಮುಂದಿನ ಪುಟದ ತಲೆಗೆ "ಹಿಂದಿನ ಪುಟದ ಬಾಬ್ತು". ರಾತ್ರಿ 300 ರೂಪಾಯಿ ಕಮ್ಮಿ ಬಂದರೆ ಯಾವ 50ರಲ್ಲಿ ಕಮ್ಮಿ ಅಂತ ಆಗ ಸಿಗುತ್ತೆ. ಇಲ್ಲಾಂದರೆ ಇಡೀ ಪುಸ್ತಕ ಮತ್ತೆ ಕೂಡಬೇಕು, ಅಷ್ಟರಲ್ಲಿ ಮೂವರ ಮಧ್ಯೆ ಮಾತು ನಿಂತಿರುತ್ತೆ.

ಬೂದುಗುಂಬಳ

ಒಂದು ಸೇರಿಸ್ತೀನಿ. ಜೆಲ್ ಪೆನ್ನು ಬೇಡ. ತಾಂಬೂಲದ ಒದ್ದೆ ಎಲೆ ತಾಗಿದರೂ ಅಕ್ಷರ ಹರಡುತ್ತೆ. ಬಾಲ್ ಪೆನ್ನೇ ಸರಿ, ಮೂರು ಇಟ್ಟುಕೊಳ್ಳಿ. ಮರುದಿನವೇ ಎಲ್ಲ ಪುಟದ ಫೋಟೋ ತೆಗೆದು ಮನೆಯ ಇಬ್ಬರ ಫೋನಲ್ಲಿ ಇಡಿ. ಗೆದ್ದಲು ಹಿಡಿದ ಪುಸ್ತಕದಷ್ಟು ದೊಡ್ಡ ನಷ್ಟ ಇನ್ನೊಂದಿಲ್ಲ. ನಿಮಗೆ ಬರಬೇಕಾದ್ದು ಹೋಗಲಿ, ನೀವು ಯಾರಿಗೆ ಕೊಡಬೇಕು ಅನ್ನೋದೇ ಹೋಯ್ತು.

ತಟಸ್ಥ

ಇಷ್ಟೆಲ್ಲ ಲೆಡ್ಜರ್, ಬಾಬ್ತು, ಷರಾ ಅಂದಮೇಲೆ ಇದು ಬಡ್ಡಿ ಇಲ್ಲದ ಚೀಟಿ ವ್ಯವಹಾರ, ಅಷ್ಟೇ ತಾನೇ? ಉಡುಗೊರೆ ಅಂತ ಯಾಕೆ ಹೆಸರು?

ಹೊಂಗೆನೆರಳು

ಚೀಟಿಯಲ್ಲಿ ಕಂತು ಮುಗಿದರೆ ಕಥೆ ಮುಗೀತು. ಇಲ್ಲಿ ಮುಗಿಸಬಾರದು ಅನ್ನೋದೇ ಕಟ್ಟಳೆ. ಅವರು 500 ಬರೆಸಿದ್ದರೆ ನೀವು ಸರಿಯಾಗಿ 500 ವಾಪಸ್ ಬರೆಸಬಾರದು. ಹಾಗೆ ಬರೆಸಿದರೆ "ಲೆಕ್ಕ ಚುಕ್ತಾ, ಇನ್ನು ನಿಮಗೂ ನಮಗೂ ಏನೂ ಇಲ್ಲ" ಅಂತ ಓದ್ತಾರೆ. ಮೇಲೊಂದಿಷ್ಟು ಸೇರಿಸಿ ಕೊಡಬೇಕು. ಆಗ ಆ ಮೇಲಿನದ್ದು ಅವರ ಕಡೆ ಬಾಕಿ ಆಗುತ್ತೆ, ಅವರು ಮತ್ತೆ ನಿಮ್ಮ ಮನೆಗೆ ಬರಲೇಬೇಕು. ಹಂಗಂತ ಮೂರು ಪಟ್ಟು ನಾಲ್ಕು ಪಟ್ಟು ಬರೆಸೋದು ದೊಡ್ಡಸ್ತಿಕೆ ಅಲ್ಲ, ಹೊರೆ. ತೀರಿಸೋಕೆ ಆಗದೆ ಅವರು ನಿಮ್ಮ ಮುಂದಿನ ಕಾರ್ಯಕ್ಕೆ ಬರೋದನ್ನೇ ತಪ್ಪಿಸ್ತಾರೆ.

101, 501, 1001 ಅನ್ನೋ ಆ 1ರ ಅರ್ಥವೂ ಅದೇ. ಸೊನ್ನೆಗೆ ನಿಲ್ಲಬಾರದು.

ಸೇಡಿಗೂ ಕನ್ನಡದಲ್ಲಿ ಇದೇ ಮಾತು ನೋಡಿ, "ಮುಯ್ಯಿ ತೀರಿಸಿಕೊಂಡ" ಅಂತೀವಿ. ಪಡೆದದ್ದನ್ನ ಹಿಂತಿರುಗಿಸೋದು ಎರಡರಲ್ಲೂ ಇದೆ. ಭಾಷೆ ಮಾಡಿದೋರು ಸುಮ್ಮನೆ ಮಾಡಿಲ್ಲ.

ಗಡಿಯಾಚೆ

ಹೊಸೂರು ಕಡೆ ತಮಿಳರ ಮದುವೆಗೆ ಹೋದರೆ ಇದೇ ಮೇಜು, ಇದೇ ಪುಸ್ತಕ, ಹೆಸರು ಮಾತ್ರ "ಮೊಯ್". ತಂಜಾವೂರು, ಪುದುಕೋಟೆ ಸೀಮೆಯಲ್ಲಿ "ಮೊಯ್ ವಿರುಂದು" ಅಂತಲೇ ಇದೆ. ಮದುವೆ ಇಲ್ಲ, ನಾಮಕರಣ ಇಲ್ಲ, ಬರೀ ಮೊಯ್ ಎತ್ತೋಕೆ ಅಂತ ಊಟ ಹಾಕಿಸ್ತಾರೆ. ತಟಸ್ಥ ಅವರು ಹೇಳಿದ ಚೀಟಿ ವ್ಯವಹಾರ ಆಗಿರೋದು ಅಲ್ಲಿ, ಲಕ್ಷಗಟ್ಟಲೆ ಎತ್ತಿ ಬಂಡವಾಳಕ್ಕೆ ಹಾಕ್ತಾರೆ. ಇನ್ನು ತೆಲುಗರು ಇದಕ್ಕೆ "ಚದಿವಿಂಪುಲು" ಅಂತಾರೆ. ಚದವಡಂ ಅಂದರೆ ಓದೋದು. ನಮ್ಮಲ್ಲೂ "ಐವತ್ತು ರೂಪಾಯಿ ಓದಿಸಿದ" ಅನ್ನೋ ಮಾತಿದೆಯಲ್ಲ, ಕೊಟ್ಟದ್ದನ್ನ ಹಸೆಮಣೆ ಮುಂದೆ ಗಟ್ಟಿಯಾಗಿ ಕೂಗಿ ಹೇಳ್ತಿದ್ದ ಕಾಲದ್ದು. ಮೈಕು ಬಂದಮೇಲೆ ಕೂಗೋದು ಜೋರಾಗಬೇಕಿತ್ತು, ಕವರ್ ಬಂದು ನಿಂತೇಹೋಯ್ತು.

ಎರಿಹೊಲ

ನಮ್ಮ ಕಡೆ ಮುಯ್ಯಿ ಅನ್ನೂದು ಕಡಿಮಿರಿ, ಆಯೇರಿ ಅಂತೀವಿ. ರೊಕ್ಕಕ್ಕಿಂತ ಅರಿವಿ ಮುಖ್ಯ. ಹೆಣ್ಣಮಕ್ಕಳಿಗೆ ಸೀರಿ, ಕುಬಸದ ಖಣ; ಗಂಡಸರಿಗೆ ಮೊದಲ ಧೋತರ, ಪಟಕಾ ಇತ್ತು, ಈಗ ಟಾವೆಲ್ಲು, ಟೋಪಿಗೆ ಬಂದು ನಿಂತೈತಿ. ಬೀಗರ ಪೈಕಿ ಯಾರ‍್ಯಾರಿಗೆ ಆಯೇರಿ ಮಾಡಬೇಕು ಅನ್ನೂದರ ಯಾದಿ ಮೊದಲ ಬರಕೋಬೇಕು. ಜಗಳ ಅಗದೀ ಹೆಚ್ಚು ಹುಟ್ಟೂದು ಇಲ್ಲೇ. ಸೀರಿ ಹಗುರ ಆತು ಅಂತ ಯಾರೂ ಬಾಯಿಬಿಟ್ಟು ಜಗಳ ತಗಿಯಂಗಿಲ್ಲ. ಯಾದಿಯೊಳಗ ಹೆಸರು ಬಿಟ್ಟರ ಮಾತ್ರ ಹತ್ತು ವರ್ಷ ನೆನಪಿಡತಾರ. ಯಾದಿ ಬರದ ಮ್ಯಾಲ ಮನಿಯೊಳಗಿನ ಹಿರೇ ಹೆಣ್ಣಮಗಳ ಮುಂದ ಒಂದು ಸಲ ಓದಿಸ್ರಿ, ಬಿಟ್ಟ ಹೆಸರು ಅಕಿ ಬಾಯಾಗ ಬರತಾವ.

ಇನ್ನೊಂದು ಮಾತ್ರಿ. ಪೆಟ್ಟಿಗಿಯೊಳಗ ಕೂತ ಕುಬಸದ ತುಂಡನ್ನ ಮನಿಂದ ಮನಿಗೆ ದಾಟಿಸೂ ಚಟ ಎಲ್ಲಾ ಕಡೆ ಐತಿ. ದಾಟಿಸೂದ ಇದ್ದರ ಮಡಿಕಿ ಬಿಚ್ಚಿ ನೋಡ್ರಿ. ಮಡಿಕಿ ಗೆರಿ ಮ್ಯಾಲ ಬಣ್ಣ ಹಾರಿರತೈತಿ, ಇಲ್ಲಾ ಒಳಗ ಹಿಂದಿನವರ ಹೆಸರಿನ ಚೀಟಿ ಇರತೈತಿ. ಕೊಟ್ಟವರ ಮನಿಗೇ ತಿರುಗಿ ಹೋದರ ಮುಗದ ಹೋತು. ಉದ್ದ 80 ಸೆಂಟಿಮೀಟರ್ ಇದ್ದರ ತೆಳ್ಳನವರಿಗೆ ಸಾಲತೈತಿ, ಉಳಿದವರಿಗೆ ಒಂದು ಮೀಟರ್ ಬೇಕ. ಕೊಡೂದ ಇದ್ದರ ಹೊಲಿಸಿ ತೊಡೂವಂಥಾ ಖಣ ಕೊಡ್ರಿ. ನಮ್ಮ ಗುಳೇದಗುಡ್ಡದ ನೇಕಾರರಿಗೂ ನಾಲ್ಕು ಕಾಸು ಆಗತೈತಿ.

ಮಡಿಲಕ್ಕಿ

ಎಲ್ಲರೂ ಗಂಡಸರ ಪುಸ್ತಕದ ಬಗ್ಗೆಯೇ ಬರೀತಿದ್ದೀರಿ. ಹೆಂಗಸರ ಮುಯ್ಯಿಗೆ ಪುಸ್ತಕ ಇಲ್ಲ, ಆದರೆ ಅದರ ಲೆಕ್ಕ ಇದಕ್ಕಿಂತ ಬಿಗಿ. ಅರಿಶಿನ ಕುಂಕುಮಕ್ಕೆ ಕರೆದವರು, ಬಸುರಿಗೆ ಬಳೆ ತೊಡಿಸಿದವರು, ಬಾಣಂತಿಗೆ ಕೊಬ್ಬರಿ ಬೆಲ್ಲ ತಂದವರು, ಗೌರಿ ಹಬ್ಬದ ಬಾಗಿನ ಕೊಟ್ಟವರು, ಇದೆಲ್ಲ ಬಾಯಿಲೆಕ್ಕದಲ್ಲೇ ಹೋಗುತ್ತೆ.

ಮಡಿಲು ತುಂಬೋದನ್ನೇ ನೋಡಿ. ಅಕ್ಕಿ 3 ಅಥವಾ 5 ಅಳತೆ, ಬೆಸ ಸಂಖ್ಯೆಯಲ್ಲಿ. ಕೊಬ್ಬರಿ ಗಿಟುಕು, ಬೆಲ್ಲದಚ್ಚು, ಅರಿಶಿನದ ಕೊಂಬು, ವೀಳ್ಯದೆಲೆ, ಅಡಿಕೆ, ರವಿಕೆ ಕಣ, ಬಳೆ, ಹೂವು. ತವರಿಂದ ಹೊರಡೋ ಹೆಣ್ಣುಮಗಳು ಮಡಿಲಿನ ಅಕ್ಕಿಯಲ್ಲಿ ಒಂದು ಹಿಡಿ ತವರಲ್ಲೇ ಬಿಟ್ಟು ಹೊರಡ್ತಾಳೆ. ಪೂರಾ ಬಾಚಿಕೊಂಡು ಹೋಗೋ ಹಾಗಿಲ್ಲ. ಹೊಂಗೆನೆರಳು ಅವರು ಹೇಳಿದ "ಚುಕ್ತಾ ಮಾಡಬಾರದು" ಅನ್ನೋದು ಇದೇ ಅಲ್ಲವಾ?

ಪಕ್ಕದ ಮನೆಯಿಂದ ಪಾಯಸ ಬಂದ ಡಬ್ಬಿಯನ್ನ ಬರಿದು ಮಾಡಿ ವಾಪಸ್ ಕೊಡದೆ ಒಂದು ಹಿಡಿ ಸಕ್ಕರೆಯನ್ನೋ ಎರಡು ಬಾಳೆಹಣ್ಣನ್ನೋ ಹಾಕಿ ಕೊಡೋದೂ ಇದೇ ಕಟ್ಟಳೆ. ತೊಳೆದು ಫಳಫಳ ಹೊಳೆಸಿ ಖಾಲಿ ಡಬ್ಬಿ ಕೊಟ್ಟರೆ ಚೊಕ್ಕಟ ಅನಿಸಬಹುದು, ತಗೊಂಡವರಿಗೆ ಚುರುಕ್ ಅನ್ನುತ್ತೆ.

ಪುಸ್ತಕದ ವಿಚಾರದಲ್ಲೂ ಒಂದು ತಕರಾರು. ಗಂಡ ಹೆಂಡತಿ ಇಬ್ಬರೂ ಬಂದು ಕೊಟ್ಟರೆ ಗಂಡನ ಹೆಸರಷ್ಟೇ ಬರೀತಾರೆ. ಹೆಂಡತಿಯ ತವರಿನ ಸಂಬಂಧದಿಂದ ಬಂದ ಮುಯ್ಯಿ ಆದರೆ ಮುಂದೆ ಆ ಗಂಡನ ಹೆಸರು ನೋಡಿ ಯಾರಿಗೂ ಗುರುತು ಹತ್ತಲ್ಲ. "ಇಂಥವರ ಮಗಳು, ಕೋಂ (ಹೆಂಡತಿ) ಇಂಥವರು" ಅಂತ ಷರಾದಲ್ಲಿ ಬರೀಬೇಕು.

ಹೊಂಗೆನೆರಳು

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಆ ಷರಾ ಕಲಂ ಅದಕ್ಕೇ ಬೇಕು.

ಕೆರೆಏರಿ

ಹಳೇ 51ರ ಲೆಕ್ಕಕ್ಕೆ ಯಾರೂ ಕೈ ಹಾಕಲಿಲ್ಲ. ಚಿನ್ನದ ಬೆಲೆಗೆ ಹೋಲಿಸಬೇಕು ಅಂತ ಕೆಲವರು, ರಾಗಿ ಬೆಲೆಗೆ ಅಂತ ಕೆಲವರು.

ಹೊಂಗೆನೆರಳು

ಎರಡೂ ಬೇಡ. ಚಿನ್ನಕ್ಕೆ ಹೋಲಿಸಿದರೆ ಕೈಗೆಟುಕದ ಮೊತ್ತ ಬರುತ್ತೆ, ರಾಗಿಗೆ ಹೋಲಿಸಿದರೆ ನಾಚಿಕೆಗೇಡಾಗೋ ಅಷ್ಟು ಕಮ್ಮಿ. ಹಳೇ ಪುಸ್ತಕದ ಅದೇ ಪುಟ ಪೂರ್ತಿ ಓದಿ. ಅವತ್ತು ಮಿಕ್ಕೋರೆಲ್ಲ 5, 11 ಬರೆಸಿದ್ದಾಗ ಆತ 51 ಬರೆಸಿದ್ದರೆ ಆತ ಆ ಪುಟದ ದೊಡ್ಡ ಕೈ. ಇವತ್ತಿನ ನಿಮ್ಮ ಪುಸ್ತಕದಲ್ಲಿ ಮಿಕ್ಕೋರೆಲ್ಲ 200, 500 ಬರೆಸ್ತಿದ್ದರೆ ದೊಡ್ಡ ಕೈಯೋರು ಎಷ್ಟು ಬರೆಸ್ತಾರೆ ನೋಡಿ, ಅಷ್ಟು ಬರೆಸಿ. ಆತ ಪುಟದ ನಡುವಿನೋನಾಗಿದ್ದರೆ ನೀವೂ ನಡುವಿನ ಮೊತ್ತ ಬರೆಸಿ.

ದವಸ ಬಂದಿದ್ದ ಸಾಲುಗಳೂ ಇರ್ತವೆ. "ಅಕ್ಕಿ 1 ಕೊಳಗ, ಬೆಲ್ಲ 2 ಅಚ್ಚು, ಕಾಯಿ 10" ಅಂತ. ಕೊಳಗ ಅಂದರೆ ದವಸದ ಹಳೇ ಅಳತೆ, 20 ಕೊಳಗಕ್ಕೆ ಒಂದು ಖಂಡುಗ ಅನ್ನೋದು ಸಾಮಾನ್ಯ ಲೆಕ್ಕ, ಆದರೆ ಕೊಳಗಕ್ಕೆ ಎಷ್ಟು ಸೇರು ಅನ್ನೋದು ಸೀಮೆಯಿಂದ ಸೀಮೆಗೆ ಬೇರೆ. ಕಿಲೋಗೆ ಇಳಿಸೋಕೆ ಹೋಗಬೇಡಿ. ದವಸಕ್ಕೆ ದವಸವೇ ಚೆಂದ, 25 ಕಿಲೋ ಅಕ್ಕಿ ಮೂಟೆ ಚಪ್ಪರದ ದಿನ ಇಳಿಸಿಬಿಡಿ. ಛತ್ರದ ಮದುವೆಗೆ ಅಲ್ಲ, ಊರ ಮದುವೆಗೆ. ಛತ್ರದಲ್ಲಿ ತಲೆಗಿಷ್ಟು ಅಂತ ಊಟ ಒಪ್ಪಿಸಿರೋ ಕಡೆ ಅಕ್ಕಿ ಮೂಟೆ ಇಟ್ಟರೆ ಅದನ್ನ ಕಾಯೋಕೆ ಒಬ್ಬ ಬೇಕು.

ಮನೆ ಪಾಲಾಗಿದ್ದರೆ ಒಂದು ತೊಡಕಿದೆ. ಅಣ್ಣ ತಮ್ಮಂದಿರು ಒಟ್ಟಿಗಿದ್ದಾಗ ಬಂದ ಮುಯ್ಯಿಯನ್ನ ಪಾಲಾದಮೇಲೆ ಯಾರು ತೀರಿಸಬೇಕು? ಮುಯ್ಯಿ ನಡೆಯೋದು ಒಲೆ ಲೆಕ್ಕದಲ್ಲಿ. ಒಲೆ ಬೇರೆಯಾದರೆ ಬರೆಸೋದೂ ಬೇರೆ. ಯಾರ ಮಗಳ ಮದುವೆಗೆ ಬಂದಿತ್ತೋ ಅವರು ಅದನ್ನ ತೀರಿಸೋದು, ಉಳಿದ ಅಣ್ಣ ತಮ್ಮಂದಿರು ತಮ್ಮ ಹೊಸ ಲೆಕ್ಕ ಶುರು ಮಾಡೋದು, ಇದು ಸಾಮಾನ್ಯವಾಗಿ ನಡೆಯೋ ರೀತಿ. ಪಾಲುಪಟ್ಟಿ ಬರೆಯೋ ದಿನ ಜಮೀನು, ತೆಂಗಿನ ಮರ, ದನ ಎಲ್ಲ ಹಂಚ್ತಾರೆ, ಮುಯ್ಯಿ ಪುಸ್ತಕ ಮಾತ್ರ ಹಿರಿಯೋನ ಪೆಟ್ಟಿಗೆಯಲ್ಲೇ ಉಳಿಯುತ್ತೆ. ಅವತ್ತೇ ಎಲ್ಲರೂ ಒಂದೊಂದು ಜೆರಾಕ್ಸ್ ಮಾಡಿಸಿಕೊಳ್ಳಿ.

ಸಹ್ಯಾದ್ರಿ ಸೆರಗು

ಮುಯ್ಯಿ ಗದ್ದೆಯಲ್ಲೂ ಇದೆ, ಮುಯ್ಯಾಳು ಅಂತ: ಇವತ್ತು ನಾವು ನಿಮ್ಮ ಗದ್ದೆಗೆ ಆಳಾಗಿ ಬಂದರೆ ನಾಳೆ ನೀವು ನಮ್ಮ ಗದ್ದೆಗೆ ಬರೋದು. ಮಲೆನಾಡಿನ ನೆಟ್ಟಿ ಕೆಲಸ ನೋಡಿದರೆ ಅದು ಯಾಕೆ ಬೇಕು ಅಂತ ಗೊತ್ತಾಗುತ್ತೆ. ಒಂದು ಎಕರೆ ನೆಡೋಕೆ ದಿನಕ್ಕೆ 10ರಿಂದ 12 ಆಳು ಬೇಕು. ಸಸಿಗೆ 21ರಿಂದ 25 ದಿನ ಆದಾಗ ನೆಟ್ಟರೆ ಚೆನ್ನಾಗಿ ತೆಂಡೆ (ಬುಡದಿಂದ ಹೊಸ ಕವಲು) ಒಡೆಯುತ್ತೆ. ತಿಂಗಳು ದಾಟಿದರೆ ತೆಂಡೆ ಕಡಿಮೆ, ಇಳುವರಿ ಇಳಿಯುತ್ತೆ. ಒಂದು ಮನೆಯಲ್ಲಿ 12 ಜನ ಎಲ್ಲಿಂದ ಬರಬೇಕು? ಆರು ಮನೆಯ ಇಬ್ಬಿಬ್ಬರು ಸೇರಿದರೆ ಆರು ದಿನದಲ್ಲಿ ಆರೂ ಮನೆಯ ಗದ್ದೆ ಮುಗಿಯುತ್ತೆ. ಸಸಿಮಡಿ ಹಾಕುವಾಗಲೇ ಸರದಿ ಮಾತಾಡಿಕೊಂಡು, ಕೊನೇ ಸರದಿಯವರು ಬೀಜವನ್ನೂ ಐದು ದಿನ ತಡವಾಗಿ ಹಾಕಬೇಕು. ಎಲ್ಲರೂ ಒಂದೇ ದಿನ ಬೀಜ ಹಾಕಿ ಆಮೇಲೆ ಸರದಿಗೆ ಜಗಳ ಆಡೋದು ಹೊಸಬರ ತಪ್ಪು.

ಕಟ್ಟಳೆಗಳು ಹೀಗಿವೆ. ನೆಟ್ಟಿಗೆ ನೆಟ್ಟಿ, ಕೊಯ್ಲಿಗೆ ಕೊಯ್ಲು. ದಿನವಿಡೀ ಬಗ್ಗಿ ನೆಟ್ಟದ್ದಕ್ಕೆ ನೆರಳಲ್ಲಿ ಕೂತು ಮಾಡೋ ಕೆಲಸ ಬದಲಾಗೋದಿಲ್ಲ. ಬುತ್ತಿ ಹೊತ್ತು ಕಳೆದು ಬಂದರೆ ಅರ್ಧ ಆಳು. ಬರೋಕಾಗದಿದ್ದರೆ ಕೂಲಿ ಕೊಟ್ಟು ಬದಲಿ ಆಳು ಕಳಿಸಬೇಕು. ಎತ್ತು ಸಮೇತ ಹೂಡೋಕೆ ಬಂದವನಿಗೆ ಎಷ್ಟು ಆಳು ವಾಪಸ್ ಅನ್ನೋದನ್ನ ಮೊದಲೇ ಮಾತಾಡಿರಬೇಕು. ಎರಡು ಅನ್ನೋರೂ ಇದ್ದಾರೆ, ಮೂರು ಅನ್ನೋರೂ ಇದ್ದಾರೆ. ಊಟ, ಕಾಫಿ, ಎಲೆ ಅಡಿಕೆ ಗದ್ದೆಯವರದ್ದು. ಮದುವೆ ಮುಯ್ಯಿಯಂತೆ ಇದು ವರ್ಷಗಟ್ಟಲೆ ನಿಲ್ಲೋದಲ್ಲ, ಆಯಾ ಹಂಗಾಮಲ್ಲೇ ತೀರಬೇಕು. ಆಳಿನ ಲೆಕ್ಕಕ್ಕೆ ಗೋಡೆ ಮೇಲೆ ಎಳೆದ ಇದ್ದಿಲ ಗೆರೆ ಮುಂದಿನ ಮಳೆಗಾಲಕ್ಕೆ ಅಳಿಸಿರುತ್ತಲ್ಲ.

ಅಡಿಕೆ ಸುಲಿಯೋದಕ್ಕೂ ಮುಯ್ಯಾಳು ಇತ್ತು. ಕೆಂಪಡಿಕೆ ಮಾಡುವಾಗ ಹಸಿ ಅಡಿಕೆಯನ್ನ ಕೊಯ್ದ ಒಂದೆರಡು ದಿನದಲ್ಲಿ ಸುಲಿದು ಚೊಗರಿನಲ್ಲಿ (ಅಡಿಕೆ ಬೇಯಿಸಿದ ಕೆಂಪು ರಸದಲ್ಲಿ) ಬೇಯಿಸಬೇಕು. ಒಬ್ಬರ ಕೊಯ್ಲು ಇವತ್ತು, ಇನ್ನೊಬ್ಬರದ್ದು ನಾಡಿದ್ದು. ರಾತ್ರಿ ಮೆಟ್ಟುಗತ್ತಿ ಹಿಡಿದುಕೊಂಡು ಆ ಮನೆಗೆ ಹೋಗೋದು. ಆಮೇಲೆ ಡಬ್ಬಕ್ಕಿಷ್ಟು ಅಂತ ಕೂಲಿ ಬಂತು, ಈಗ ಸುಲಿಯೋ ಯಂತ್ರ. ಯಂತ್ರ ಬಂದದ್ದು ಒಳ್ಳೇದೇ, ಬೆರಳು ಕುಯ್ದುಕೊಳ್ಳೋದು ತಪ್ಪಿತು.

ದಕ್ಷಿಣ ಕನ್ನಡದ ಹವ್ಯಕರಲ್ಲಿ ಜಂಬಾರದ (ಮನೆಯ ಸಮಾರಂಭದ) ಹಿಂದಿನ ರಾತ್ರಿ ನೆರೆಕರೆಯವರು ತರಕಾರಿ ಕೊರೆಯೋಕೆ ಸೇರೋದೂ ಮುಯ್ಯಿಯೇ. ಅದಕ್ಕೆ ಪುಸ್ತಕ ಇಲ್ಲ. ಯಾರ ಮನೆಯಲ್ಲಿ ಕೊರೆಯೋಕೆ ಜನ ಕಡಿಮೆ ಬಂದರು ಅನ್ನೋದರಲ್ಲೇ ಆ ಮನೆಯವರು ಹಿಂದೆ ಎಷ್ಟು ಕಡೆ ಹೋಗಿದ್ದರು ಅನ್ನೋ ಲೆಕ್ಕ ಸಿಗುತ್ತೆ.

ಕರಿನೆಲ

ಎಲ್ಲ ಚೆಂದ ಬರೆದಿದ್ದೀರಿ. ಒಂದು ಮಾತು ಬಿಟ್ಟುಹೋಗಿದೆ. ಮುಯ್ಯಾಳು ನಡೀತಿದ್ದದ್ದು ಗದ್ದೆ ಇದ್ದವರ ನಡುವೆ ಮಾತ್ರ. ಗದ್ದೆ ಇಲ್ಲದವನು ನೆಡೋಕೆ ಬಂದರೆ ಅವನಿಗೆ ಏನು ವಾಪಸ್ ಬರುತ್ತೆ? ಅದನ್ನ ಬಿಟ್ಟಿ ಚಾಕರಿ ಅಂತಿದ್ದರು, ಜೀತ ಅಂತಿದ್ದರು. ಜೀತ ರದ್ದು ಮಾಡೋ ಕಾಯ್ದೆ ಬಂದದ್ದು 1976ರಲ್ಲಿ. ಮದುವೆ ಮನೆಯಲ್ಲೂ ಅಷ್ಟೇ. ಕೇರಿಯವರು ಚಪ್ಪರಕ್ಕೆ ಸೊಪ್ಪು ತರಬೇಕು, ಸೌದೆ ಸೀಳಬೇಕು, ವಾದ್ಯ ಬಾರಿಸಬೇಕು. ಅವರ ಹೆಸರು ಮುಯ್ಯಿ ಪುಸ್ತಕದ ಯಾವ ಸಾಲಿನಲ್ಲೂ ಇರ್ತಿರಲಿಲ್ಲ, ಅವರ ಮನೆ ಮದುವೆಗೆ ಊರೊಳಗಿನವರು ಹೋಗಿ ಬರೆಸ್ತಲೂ ಇರಲಿಲ್ಲ. ಬರೆಸದವರ ಮನೆಗೆ ಹೋಗೋ ಬಾಧ್ಯತೆ ಇಲ್ಲ ಅನ್ನೋ ಕಟ್ಟಳೆ ಇಲ್ಲಿ ಬಹಳ ಅನುಕೂಲಕ್ಕೆ ಬಂತು. ಹಳೇ ಪುಸ್ತಕ ಓದುವಾಗ ಇದ್ದ ಹೆಸರುಗಳ ಜೊತೆ ಇಲ್ಲದ ಹೆಸರುಗಳನ್ನೂ ಓದಿ.

ಸಹ್ಯಾದ್ರಿ ಸೆರಗು

ಒಪ್ಪಿದೆ. ಮುಯ್ಯಾಳು ಅಂತ ಕರೆದು ಬಿಟ್ಟಿ ಮಾಡಿಸಿಕೊಂಡದ್ದೂ ಉಂಟು. ವಾಪಸ್ ಬರದ ಆಳಿಗೆ ಆ ಹೆಸರು ಸಲ್ಲದು.

ಕೆರೆಏರಿ

ಕರಿನೆಲ ಅವರು ಹೇಳಿದ್ದಕ್ಕೆ ಸೇರಿಸಿ ಕೇಳ್ತೀನಿ: ಈಗ ಚಪ್ಪರಕ್ಕೆ, ಬಡಿಸೋಕೆ ಕೈ ಜೋಡಿಸಿದವರನ್ನ ಪುಸ್ತಕದಲ್ಲಿ ಬರೀಬೇಕಾ?

ಕರಿನೆಲ

ಬರೀಬೇಕು. ಮೊತ್ತದ ಕಲಂನಲ್ಲಿ ಅಡ್ಡಗೆರೆ, ಷರಾದಲ್ಲಿ "ಚಪ್ಪರ, ಎರಡು ದಿನ". ಅವರ ಮನೆ ಕಾರ್ಯಕ್ಕೆ ನೀವು ಎರಡು ದಿನ ಮೊದಲೇ ಹೋಗಿ. ಕವರ್ ಕೊಟ್ಟು ಕೈ ತೊಳೆದುಕೊಳ್ಳಬೇಡಿ.

ಲೆಕ್ಕಿಗ

ಕಾನೂನಿನ ಭಾಗ ಬರೀತೀನಿ, ಯಾಕಂದರೆ ತಪ್ಪು ತಿಳಿವಳಿಕೆ ಬಹಳ ಇದೆ.

ಮದುವೆ ಸಂದರ್ಭದಲ್ಲಿ ವಧುವಿಗೋ ವರನಿಗೋ ಬಂದ ಉಡುಗೊರೆಗೆ ಆದಾಯ ತೆರಿಗೆ ಇಲ್ಲ. ಕೊಟ್ಟವರು ನೆಂಟರೇ ಆಗಿರಬೇಕಿಲ್ಲ. ಆದರೆ ವಿನಾಯಿತಿ ಮದುವೆ ಆಗುವವರಿಗೆ ಮಾತ್ರ. ತಂದೆಯ ಖಾತೆಗೆ, ತಂದೆಗೆ ಅಂತ ಬಂದ ಹಣ ನೆಂಟರಲ್ಲದವರಿಂದ ಬಂದದ್ದಾಗಿ, ವರ್ಷಕ್ಕೆ ಒಟ್ಟು 50,000 ದಾಟಿದರೆ ತೆರಿಗೆಗೆ ಒಳಪಡುತ್ತೆ. ಗೃಹಪ್ರವೇಶ, ನಾಮಕರಣ, ಹುಟ್ಟುಹಬ್ಬಕ್ಕೆ ಮದುವೆಯ ವಿನಾಯಿತಿ ಅನ್ವಯಿಸಲ್ಲ. ಮೇಜಿನ ಮೇಲೆ ಕ್ಯೂಆರ್ ಇಡೋರು ಇದನ್ನ ಗಮನಿಸಿ: ಅದು ಗಂಡಿನದ್ದೋ ಹೆಣ್ಣಿನದ್ದೋ ಖಾತೆಯದ್ದಾಗಿರಲಿ. ಒಬ್ಬರಿಂದ ಒಂದು ಸಮಾರಂಭಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯೋ ಹಾಗೂ ಇಲ್ಲ.

ಇನ್ನೊಂದು, ಯಾರೂ ಮಾಡದೇ ಇರೋದು. ವರದಕ್ಷಿಣೆ ನಿಷೇಧ ಕಾಯ್ದೆ 1961ರದ್ದು. ಅದರಡಿ 1985ರ ನಿಯಮಗಳ ಪ್ರಕಾರ, ಕೇಳದೆ ಬಂದ ಉಡುಗೊರೆಗಳ ಪಟ್ಟಿಯನ್ನ ಮದುವೆ ಸಮಯದಲ್ಲೇ ಅಥವಾ ಆದಷ್ಟು ಬೇಗ ಬರೆದಿಡಬೇಕು. ವಧುವಿಗೆ ಬಂದದ್ದರ ಪಟ್ಟಿ ವಧುವಿನ ಹತ್ತಿರ, ವರನಿಗೆ ಬಂದದ್ದರದ್ದು ವರನ ಹತ್ತಿರ. ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ನೆಂಟರಾದರೆ ಸಂಬಂಧ, ಕೊನೆಗೆ ಇಬ್ಬರ ಸಹಿ. ಮುಯ್ಯಿ ಪುಸ್ತಕದ ಹಿಂದಿನ ಹತ್ತು ಪುಟ ಇದಕ್ಕೆ ಬಿಟ್ಟರೆ ಮುಗೀತು. ಮುಂದೆ ಎಂದಾದರೂ ಮನಸ್ತಾಪ ಬಂದರೆ ಹೆಣ್ಣುಮಗಳ ಒಡವೆ ಯಾವುದು ಅನ್ನೋದಕ್ಕೆ ಸಹಿ ಹಾಕಿದ ಈ ಹಾಳೆಯಷ್ಟು ಗಟ್ಟಿ ಸಾಕ್ಷಿ ಇನ್ನೊಂದಿರಲ್ಲ.

ಫೋನಲ್ಲಿ ಕಳಿಸಿದ ಹಣಕ್ಕೆ ದಾಖಲೆ ತಾನಾಗೇ ಇರುತ್ತೆ ಅಂತ ಬಿಡಬೇಡಿ. ಮಗನ ಫೋನಿಂದ ಅಪ್ಪ ಕಳಿಸಿರ್ತಾರೆ, ಬ್ಯಾಂಕಿನಲ್ಲಿ ಬರೋದು ಮಗನ ಹೆಸರು, ಅದೂ ಇನಿಶಿಯಲ್ ಸಮೇತ. ಊರಿನ ಹೆಸರಂತೂ ಬರೋದೇ ಇಲ್ಲ. ಕಳಿಸೋರು ಸಂದೇಶದ ಜಾಗದಲ್ಲಿ ಹೆಸರು, ಊರು ಹಾಕಬೇಕು. ಬರೆಯೋನು ಅದನ್ನ ಅವತ್ತೇ ಪುಸ್ತಕಕ್ಕೆ ಇಳಿಸಬೇಕು.

ತಟಸ್ಥ

ಮುಯ್ಯಿ ಬರುತ್ತೆ ಅಂತ ನಂಬಿ ಮದುವೆಗೆ ಸಾಲ ಮಾಡೋರಿಗೆ ಏನಾದರೂ ಹೇಳಿ ಲೆಕ್ಕಿಗರೇ.

ಲೆಕ್ಕಿಗ

ಸುಲಭ ಲೆಕ್ಕ. 400 ಸಾಲು, ಸರಾಸರಿ 500 ಅಂದರೆ 2 ಲಕ್ಷ. ವರ್ಷಕ್ಕೆ 20 ಮನೆಗೆ ಹೋಗಿ 700ರ ಹಾಗೆ ಬರೆಸಿದರೆ ವರ್ಷಕ್ಕೆ 14,000, ಇಪ್ಪತ್ತು ವರ್ಷ. ಬಸ್ ಚಾರ್ಜು ಬೇರೆ. ಬಂದ 2 ಲಕ್ಷದಲ್ಲಿ ಅಡುಗೆಯವರ ಬಾಕಿ ತೀರಿಸಿದರೆ ತಪ್ಪಿಲ್ಲ, ಅದು ನಿಮ್ಮ ಸಂಪಾದನೆ ಅಂದುಕೊಂಡರೆ ತಪ್ಪು.

ಕೆರೆಏರಿ

ಕೊನೇ ಪ್ರಶ್ನೆ ಉಳಿದಿದೆ. "ಆಶೀರ್ವಾದವೇ ಉಡುಗೊರೆ" ಅಂತ ಹಾಕಿಸಿದ ಮನೆ.

ಹೊಂಗೆನೆರಳು

ಹಾಕಿಸೋರು ಒಂದು ತಿಳಿದಿರಬೇಕು. ತನಗೆ ಬರಬೇಕಾದ್ದನ್ನ ಬಿಟ್ಟುಕೊಡೋದು ಅವರ ಕೈಲಿದೆ. ತಾನು ಕೊಡಬೇಕಾದ್ದನ್ನ ಬಿಡೋಕೆ ಬರಲ್ಲ. ಕರೆಯೋಲೆಯಲ್ಲಿ ಬೇಡ ಅಂದು, ಬೇರೆಯೋರ ಮನೆಗೂ ಬರಿಗೈಲಿ ಹೋಗೋದು ಸುಧಾರಣೆ ಅಲ್ಲ, ಸಾಲ ಮುಳುಗಿಸೋದು. ಬೇಡ ಅಂದೋರು ತಮ್ಮ ಹಳೇ ಪುಸ್ತಕ ಪೂರ್ತಿ ತೀರೋ ತನಕ ಬರೆಸ್ತಲೇ ಇರಬೇಕು.

ಇನ್ನು ನಿಮ್ಮ ಬಾಕಿ. ಮದುವೆ ದಿನ ಒತ್ತಾಯ ಮಾಡಿ ಕವರ್ ತುರುಕಬೇಡಿ. ಅವರಿಗೆ ಮೇಜಿಲ್ಲ, ಬರೆಯೋನಿಲ್ಲ, ನಿಮ್ಮ ಕವರ್ ಎಲ್ಲಿ ಹೋಯ್ತು ಅಂತಲೂ ತಿಳಿಯಲ್ಲ. ಆ ಮನೆಯಲ್ಲಿ ಮುಂದೆ ಸೀಮಂತ, ನಾಮಕರಣ, ಗೃಹಪ್ರವೇಶ ಬಂದಾಗ ಕೊಡಿ. ನಿಮ್ಮ ಪುಸ್ತಕದ ಆ ಸಾಲಿನ ಮುಂದೆ "ಬಾಕಿ, ತಗೊಂಡಿಲ್ಲ" ಅಂತ ಪೆನ್ಸಿಲಲ್ಲಿ ಗುರುತು ಹಾಕಿ.

ಮಡಿಲಕ್ಕಿ

ಬರಿಗೈಲಂತೂ ಹೋಗಬೇಡಿ. ಒಂದು ಮೊಳ ಹೂವು, ತೆಂಗಿನಕಾಯಿ, ಎಲೆ ಅಡಿಕೆಗೆ ಯಾರೂ ಬೇಡ ಅನ್ನಲ್ಲ. ಕುವೆಂಪು ಹಾಕಿಕೊಟ್ಟ ಸರಳ ಮದುವೆ, ಮಂತ್ರಮಾಂಗಲ್ಯಕ್ಕೂ ಅಷ್ಟೇ.

ಎರಿಹೊಲ

ಸತ್ತ ಮನಿದೂ ಹೇಳ್ರಿ. ಅಲ್ಲೆ ಲೆಕ್ಕ ಇಡತಾರೇನು?

ಸಹ್ಯಾದ್ರಿ ಸೆರಗು

ಇಲ್ಲ. ಮದುವೆಗೆ ಕರೀಬೇಕು, ಸಾವಿಗೆ ಸುದ್ದಿ ಮುಟ್ಟಿದರೆ ಸಾಕು. ಸೌದೆ ತರೋದು, ಗುಂಡಿ ತೋಡೋದು, ಒಲೆ ಹಚ್ಚದ ಮನೆಗೆ ಅಕ್ಕಪಕ್ಕದವರು ಅನ್ನ ತರೋದು, ಇದನ್ನ ಬರೆಯೋದಿಲ್ಲ. ಬರೆಯೋದೇ ಅಪಶಕುನ. ಹಾಗಂತ ಯಾರು ಬಂದಿರಲಿಲ್ಲ ಅನ್ನೋದು ಮನೆಯವರಿಗೆ ಮರೆಯಲ್ಲ. ಮದುವೆಗೆ ಹೋಗಲಾಗದಿದ್ದರೆ ಆಮೇಲೆ ಕವರ್ ಕಳಿಸಬಹುದು, ಸಾವಿಗೆ ಹೋಗದಿದ್ದರೆ ಬದಲಿ ಆಳು ಇಲ್ಲ. ದೂರದ ಊರಲ್ಲೋ ಹೊರದೇಶದಲ್ಲೋ ಇರೋರು ಹನ್ನೊಂದನೇ ದಿನಕ್ಕಾದರೂ ಬರೋ ಹಾಗೆ ನೋಡಿಕೊಳ್ಳಬೇಕು. ಅದೂ ಆಗದಿದ್ದರೆ ಊರಿಗೆ ಬಂದಾಗ ಮೊದಲು ಆ ಮನೆಗೆ ಹೋಗಿ ಕೂತು ಬರಬೇಕು.

ಬೂದುಗುಂಬಳ

ಸಣ್ಣ ಪ್ರಶ್ನೆ. ಮದುವೆ ಆಗಿ ಎರಡೇ ವರ್ಷಕ್ಕೆ ಗೃಹಪ್ರವೇಶ ಇದ್ದರೆ ಹೊಸ ಪುಸ್ತಕ ಬೇಕಾ, ಅದರಲ್ಲೇ ಮುಂದುವರಿಸಬಹುದಾ?

ಹೊಂಗೆನೆರಳು

ಅದರಲ್ಲೇ ಬರೀರಿ, ಹುಡುಕೋದು ಸುಲಭ. ಹೊಸ ಪುಟ, ಮತ್ತೆ ಅರಿಶಿನ, ಮತ್ತೆ ಮನೆದೇವರ 11. ಕ್ರಮ ಸಂಖ್ಯೆ 1ರಿಂದ ಶುರು ಮಾಡಿ. ಲೆಕ್ಕಿಗರು ಹೇಳಿದ ಒಡವೆ ಪಟ್ಟಿ ಕೊನೆಯ ಹತ್ತು ಪುಟದಲ್ಲಿದೆ ಅನ್ನೋದು ನೆನಪಿರಲಿ, ಅದರ ಮೇಲೆ ಬರೆದುಬಿಟ್ಟೀರಿ.